ಕುರಿ ಕಚ್ಚಿದರೆ ಏನಾಗುತ್ತದೆ?

ಕುರಿಗೆ ಯಾರೂ ಹೆದರುವುದಿಲ್ಲ. ಒಬ್ಬರನ್ನು 'ಕುರಿ' ಎಂದು ಕರೆದರೆ ಅವರು ಪೆದ್ದರು, ಹಿಂದೆಮುಂದೆ ನೋಡದೆ ಮಂದೆಯ ಜೊತೆ ಹೋಗುವವರು ಎಂದರ್ಥ. ಕೆ.ಎಸ್. ನಿಸಾರ್ ಅಹಮದ್ ಅವರ ಪ್ರಸಿದ್ಧ ಕವನದಲ್ಲೂ ಕುರಿಗಳೆಂದರೆ ಇಂಥ ಮನುಷ್ಯರೇ. ನಮ್ಮ ಮನೆಗಳ ಉರ್ದುವಿನಲ್ಲಿ 'ಬಕ್ರಾ ಬನ್ ಗಯಾ' ಎಂದರೆ ಮೋಸಹೋದ ಎಂದು. ಕನ್ನಡದವರೂ ಈಗ 'ಬಕ್ರಾ ಮಾಡಿದರು' ಎಂದೇ ಹೇಳುತ್ತಾರೆ. ಹೀಗೆ ಎಲ್ಲ ಭಾಷೆಯಲ್ಲೂ ಬೈಸಿಕೊಂಡ ಈ ಪ್ರಾಣಿ ಒಂದು ದಿನ ತಿರುಗಿಬಿದ್ದು ಮನುಷ್ಯರನ್ನೇ ತಿನ್ನತೊಡಗಿದರೆ ಹೇಗಿರುತ್ತದೆ ಎಂದು ನ್ಯೂಜಿಲೆಂಡಿನ ನಿರ್ದೇಶಕ ಜೊನಾಥನ್ ಕಿಂಗ್ ಯೋಚಿಸಿದರು. ಅದರ ಫಲವೇ 'ಬ್ಲ್ಯಾಕ್ ಶೀಪ್'. 2006ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಲಾಯಿತು, 2007ರಲ್ಲಿ ಚಿತ್ರಮಂದಿರಗಳಿಗೆ ಬಂತು. ಒಂದೂವರೆ ಗಂಟೆಗಿಂತ ಸ್ವಲ್ಪ ಕಡಿಮೆಯ ಸಿನಿಮಾ.

ಹೆದರಿಸುತ್ತಲೇ ನಗಿಸುವ ಸಿನಿಮಾಗಳು ನಮಗೆ ಹೊಸದಲ್ಲ. 'ಸ್ತ್ರೀ', 'ಭೇಡಿಯಾ' ನೋಡದವರು ನಮ್ಮ ತರಗತಿಯಲ್ಲಿ ಸಿಗುವುದು ಕಷ್ಟ. ಆದರೆ ಅಲ್ಲಿ ಹೆದರಿಸುವುದು ದೆವ್ವ, ತೋಳ. ಅವು ಮೊದಲೇ ಭಯ ಹುಟ್ಟಿಸುವಂಥವು. ಕುರಿಯನ್ನು ಇಟ್ಟುಕೊಂಡು ಹೆದರಿಸುವುದು ಹೇಗೆ ಎಂಬುದೇ ನನಗೆ ಕುತೂಹಲ ಹುಟ್ಟಿಸಿದ ಪ್ರಶ್ನೆ.

ಕಥೆ ಹೀಗಿದೆ. ಓಲ್ಡ್‌ಫೀಲ್ಡ್ ಎಂಬ ಕುಟುಂಬಕ್ಕೆ ದೊಡ್ಡ ಕುರಿ ಫಾರ್ಮ್ ಇದೆ. ಇಬ್ಬರು ಗಂಡುಮಕ್ಕಳು. ದೊಡ್ಡವನು ಆಂಗಸ್, ಚಿಕ್ಕವನು ಹೆನ್ರಿ. ತಮ್ಮನ ಮೇಲೆ ಅಪ್ಪನಿಗೆ ಪ್ರೀತಿ ಹೆಚ್ಚು ಎಂದು ಅಣ್ಣನಿಗೆ ಹೊಟ್ಟೆಕಿಚ್ಚು. ಹೆನ್ರಿ ಮುದ್ದಿನಿಂದ ಸಾಕಿದ್ದ ಕುರಿಮರಿಯನ್ನು ಕೊಂದು, ರಕ್ತ ಸುರಿಯುವ ಅದರ ಚರ್ಮವನ್ನೇ ಹೊದ್ದುಕೊಂಡು ತಮ್ಮನ ಮುಂದೆ ನೆಗೆಯುತ್ತಾನೆ. ಅದೇ ಹೊತ್ತಿಗೆ ಅಪ್ಪ ಸತ್ತ ಸುದ್ದಿಯೂ ಬರುತ್ತದೆ. ಅಂದಿನಿಂದ ಹೆನ್ರಿಗೆ ಕುರಿ ಕಂಡರೆ ಉಸಿರು ಕಟ್ಟುತ್ತದೆ. ಹದಿನೈದು ವರ್ಷದ ನಂತರ ತನ್ನ ಪಾಲನ್ನು ಅಣ್ಣನಿಗೇ ಮಾರಿ ಋಣ ಕಳೆದುಕೊಳ್ಳಲು ಊರಿಗೆ ಬರುತ್ತಾನೆ. ಅಷ್ಟರಲ್ಲಿ ಆಂಗಸ್ ಫಾರ್ಮಿನಲ್ಲೇ ಪ್ರಯೋಗಾಲಯ ಕಟ್ಟಿ, ಕುರಿಯ ತಳಿಯನ್ನೇ ತಿದ್ದುವ ಕೆಲಸಕ್ಕೆ ಇಳಿದಿರುತ್ತಾನೆ. ಇದನ್ನು ಬಯಲು ಮಾಡಲು ಇಬ್ಬರು ಪರಿಸರ ಹೋರಾಟಗಾರರು ಕದ್ದು ನುಗ್ಗುತ್ತಾರೆ. ಅವರಲ್ಲಿ ಹುಡುಗಿಯ ಹೆಸರು ಎಕ್ಸ್‌ಪೀರಿಯನ್ಸ್, ಅಂದರೆ 'ಅನುಭವ'. ಹುಡುಗ ಕದ್ದ ಜಾಡಿ ಒಡೆದು, ಅದರೊಳಗಿನ ವಿಕಾರ ಮರಿ ಅವನನ್ನು ಕಚ್ಚುತ್ತದೆ. ಸೋಂಕು ಮಂದೆಗೂ ಹಬ್ಬುತ್ತದೆ. ಆಮೇಲೆ ಕುರಿ ಕಚ್ಚಿದ ಮನುಷ್ಯರೆಲ್ಲ ಅರ್ಧ ಕುರಿಯಾಗುತ್ತಾರೆ. ಮಿಕ್ಕಿದ್ದನ್ನು ನೀವೇ ನೋಡಿ.

ಇದರಲ್ಲಿ ನಗು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮೊದಲು ಕುರಿಯ ಬಾಯಿ ತೆರೆದು ನೋಡಬೇಕು. ಬಕ್ರೀದಿಗೆ ಮುಂಚೆ ಸಂತೆಗೆ ಹೋದವರು ಇದನ್ನು ಮಾಡಿಯೇ ಇರುತ್ತೀರಿ. ಮಾರುವವನು ಟಗರಿನ ಕೆಳತುಟಿ ಎಳೆದು ತೋರಿಸುತ್ತಾನೆ, ಮನೆಯ ಹಿರಿಯರು 'ದೋ ದಾಂತ್' ಆಗಿದೆಯೋ ಇಲ್ಲವೋ ನೋಡುತ್ತಾರೆ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ಕುರಿಗೆ ಒಂದು ವರ್ಷ ದಾಟಿದೆ ಎಂದು ಲೆಕ್ಕ. ಯಾರೂ ಮೇಲ್ತುಟಿ ಎತ್ತಿ ನೋಡುವುದಿಲ್ಲ. ಏಕೆಂದರೆ ಮೇಲುದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ! ಅಲ್ಲಿರುವುದು ಗಟ್ಟಿಯಾದ ಒಸಡಿನ ಮೆತ್ತೆ ಮಾತ್ರ. ಕೆಳಗಿನ ಎಂಟು ಬಾಚಿಹಲ್ಲುಗಳನ್ನು ಆ ಮೆತ್ತೆಗೆ ಒತ್ತಿ ಹುಲ್ಲನ್ನು ಹರಿಯುತ್ತದೆ. ಇಂಥ ಬಾಯಿಂದ ಮಾಂಸ ಕಿತ್ತು ತಿನ್ನುವುದು ಆಗದ ಕೆಲಸ. ಸಿನಿಮಾ ಈ ಸಂಗತಿಯನ್ನು ಸದ್ದಿಲ್ಲದೆ ಮರೆಸಿಬಿಡುತ್ತದೆ. ಉಪನ್ಯಾಸಕರಿಂದ ಹಿಡಿದು ಕುರಿಗಾಹಿಯವರೆಗೆ ಎಲ್ಲರಿಗೂ ಅದು ಸುಳ್ಳೆಂದು ಗೊತ್ತು, ಆದರೂ ತೆರೆಯ ಮೇಲಿರುವವರು ಮುಖ ಗಂಟಿಕ್ಕಿಕೊಂಡು ಪ್ರಾಣಭಯದಿಂದ ಓಡುತ್ತಿರುತ್ತಾರೆ.

ಈ ಬಗೆಯನ್ನು ಇಂಗ್ಲಿಷಿನಲ್ಲಿ 'ಕ್ಯಾಂಪ್' ಎನ್ನುತ್ತಾರೆ. ನಮ್ಮ ಎನ್.ಎಸ್.ಎಸ್. ಕ್ಯಾಂಪಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1964ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದಾರೆ. ಸರಳವಾಗಿ ಹೇಳುವುದಾದರೆ, ಅತಿರೇಕದ ಒಂದು ಸಂಗತಿಯನ್ನು ಪೂರ್ತಿ ಗಂಭೀರವಾಗಿ ಮಾಡಿ ತೋರಿಸಿದಾಗ ಹುಟ್ಟುವ ರುಚಿ. ನಟ ತಾನೇ ನಕ್ಕುಬಿಟ್ಟರೆ ಅದು ಬರೀ ಹಾಸ್ಯ. ನಗದೆ ಕುರಿಯ ಮುಂದೆ ಕೈಮುಗಿದು ಬೇಡಿಕೊಂಡರೆ ಅದು ಕ್ಯಾಂಪ್. ಕೆಲವು ಸಿನಿಮಾಗಳು ಬೇಕೆಂದೇ ಹೀಗಾಗುತ್ತವೆ, ಕೆಲವು ಬೇಡವೆಂದರೂ ಆಗುತ್ತವೆ. 1972ರಲ್ಲಿ ಅಮೆರಿಕದಲ್ಲಿ 'ನೈಟ್ ಆಫ್ ದಿ ಲೀಪಸ್' ಎಂಬ ಚಿತ್ರ ಬಂತು. ದೈತ್ಯ ಮೊಲಗಳು ಊರಿನ ಮೇಲೆ ಬೀಳುವ ಕಥೆ. ಮಾಡಿದವರು ನಿಜವಾಗಿ ಹೆದರಿಸಲೆಂದೇ ಮಾಡಿದ್ದರು. ಆಟಿಕೆಯಂಥ ಪುಟ್ಟ ಮನೆಗಳ ನಡುವೆ ಸಾಕಿದ ಮೊಲಗಳನ್ನು ಓಡಿಸಿ ಚಿತ್ರೀಕರಿಸಿದರು. ಮೊಲ ಎಷ್ಟು ದೊಡ್ಡದಾಗಿ ಕಂಡರೂ ಮುದ್ದಾಗಿಯೇ ಕಂಡಿತು, ಇಂದಿಗೂ ಜನ ಅದನ್ನು ನಗಲೆಂದೇ ನೋಡುತ್ತಾರೆ. 'ಬ್ಲ್ಯಾಕ್ ಶೀಪ್' ಮಾಡಿದವರಿಗೆ ಮಾತ್ರ ತಾವು ಮಾಡುತ್ತಿರುವುದೇನೆಂದು ಚೆನ್ನಾಗಿ ಗೊತ್ತಿತ್ತು. 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಎಂಬ ಪ್ರಸಿದ್ಧ ಚಿತ್ರದ ಹೆಸರನ್ನು ತಿರುಚಿ ಜಾಹೀರಾತಿನ ಸಾಲು ಮಾಡಿಕೊಂಡಿದ್ದರಲ್ಲೇ ಅದು ತಿಳಿಯುತ್ತದೆ.

ಆದರೂ ಒಂದೆರಡು ಕಡೆ ನನಗೆ ನಿಜವಾಗಿಯೇ ಭಯವಾಯಿತು. ಹಸಿರು ಗುಡ್ಡದ ಮೇಲಿಂದ ನೂರಾರು ಬಿಳಿ ಕುರಿಗಳು ಇಳಿದುಬರುವ ದೃಶ್ಯವಿದೆ. ಕ್ಯಾಲೆಂಡರಿನಲ್ಲಿ ಅಚ್ಚುಹಾಕುವಷ್ಟು ಚಂದದ ನೋಟ. ಅವು ಇಳಿಯುವುದನ್ನು ನಿಲ್ಲಿಸುವುದೇ ಇಲ್ಲ ಎಂದು ಅರಿವಾದಾಗ ಅದೇ ನೋಟ ಬೇರೆಯಾಗುತ್ತದೆ. ಇನ್ನೊಂದು ಕುರಿಯ ಕಣ್ಣು. ಅದರ ಪಾಪೆ ನಮ್ಮದರಂತೆ ಗುಂಡಗಿಲ್ಲ, ಅಡ್ಡ ಸೀಳಿದಂತೆ ಇದೆ. ತಲೆ ತಿರುಗಿಸದೆಯೇ ಸುತ್ತಲಿನ ಬಹುಭಾಗವನ್ನು ಕಂಡು, ತೋಳ ಯಾವ ಕಡೆಯಿಂದ ಬಂದರೂ ಓಡಿಹೋಗಲೆಂದು ಇರುವ ಏರ್ಪಾಡು ಅದು. ಹೆದರುವ ಪ್ರಾಣಿಯ ಕಣ್ಣು ಅದು. ಕ್ಯಾಮೆರಾ ತೀರ ಹತ್ತಿರ ಹೋದಾಗ ಮಾತ್ರ ಆ ಕಣ್ಣು ಏನನ್ನು ಯೋಚಿಸುತ್ತಿದೆ ಎಂದು ಹೇಳಲಾಗುವುದಿಲ್ಲ.

ಚಿತ್ರದ ಕುರಿರಾಕ್ಷಸರನ್ನು ಮಾಡಿದ್ದು ವೆಲಿಂಗ್ಟನ್ನಿನ ವೆಟಾ ವರ್ಕ್‌ಶಾಪ್. 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳ ಕತ್ತಿ, ಕವಚ, ರಾಕ್ಷಸರ ಮುಖಗಳನ್ನು ಮಾಡಿದ್ದೂ ಇವರೇ. ಅವರಿಗೆ ಇದು ತವರಿಗೆ ಮರಳಿದಂತೆ. ಏಕೆಂದರೆ ಆ ದೊಡ್ಡ ಚಿತ್ರಗಳ ನಿರ್ದೇಶಕ ಪೀಟರ್ ಜಾಕ್ಸನ್ ಶುರುಮಾಡಿದ್ದೇ ಇಂಥ ರಕ್ತ ಚಿಮ್ಮುವ ನಗೆಚಿತ್ರಗಳಿಂದ: 1987ರ 'ಬ್ಯಾಡ್ ಟೇಸ್ಟ್', 1992ರ 'ಬ್ರೇನ್‌ಡೆಡ್'. 'ಬ್ಲ್ಯಾಕ್ ಶೀಪ್' ಕೂಡ ಅದೇ ದಾರಿಯದು. ಇಲ್ಲಿ ಹೆಚ್ಚಿನದು ಕಂಪ್ಯೂಟರಿನಲ್ಲಿ ಬರೆದದ್ದಲ್ಲ. ನಿಜವಾದ ಕುರಿಗಳು, ಕೈಯಿಂದ ಆಡಿಸುವ ಬೊಂಬೆಗಳು, ಒಳಗೆ ಮನುಷ್ಯ ನಿಂತು ನಡೆಯುವ ವೇಷಗಳು. ಬೊಂಬೆ ಎಂದು ಒಮ್ಮೊಮ್ಮೆ ಗೊತ್ತಾಗುತ್ತದೆ. ಗೊತ್ತಾಗುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಇಂಥ ಸಿನಿಮಾ ನ್ಯೂಜಿಲೆಂಡಿನಲ್ಲಿಯೇ ಏಕೆ ಹುಟ್ಟಿತು? ವಾಣಿಜ್ಯ ವಿಭಾಗದವಳಾದ ನನಗೆ ಇದೇ ಭಾಗ ಹೆಚ್ಚು ಇಷ್ಟವಾಯಿತು. 1882ರಲ್ಲಿ 'ಡನೀಡಿನ್' ಎಂಬ ಹಡಗು ಸುಮಾರು ಐದು ಸಾವಿರ ಕುರಿಗಳ ಮಾಂಸವನ್ನು ಹಿಮಗಟ್ಟಿಸಿಕೊಂಡು ಲಂಡನ್ನಿಗೆ ಹೊರಟಿತು. ಮೂರು ತಿಂಗಳ ಪ್ರಯಾಣದ ನಂತರವೂ ಮಾಂಸ ಕೆಡದೆ ಮಾರಾಟವಾಯಿತು. ಅಲ್ಲಿಯವರೆಗೆ ಮುಖ್ಯವಾಗಿ ಉಣ್ಣೆ ಕಳಿಸುತ್ತಿದ್ದ ದೇಶ ಅಂದಿನಿಂದ ಮಾಂಸವನ್ನೂ ಕಳಿಸತೊಡಗಿ, ಬ್ರಿಟನ್ನಿನ ಅಡುಗೆಮನೆಗೆ ಕುರಿ ಒದಗಿಸುವುದನ್ನೇ ಉದ್ಯೋಗ ಮಾಡಿಕೊಂಡಿತು. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿಯ ಪಾಡು ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಸೇರಿದಾಗ ಆ ಖಾತ್ರಿಯ ಮಾರುಕಟ್ಟೆ ಸಡಿಲವಾಯಿತು. ಸರಕಾರ ರೈತರಿಗೆ ಕನಿಷ್ಠ ಬೆಲೆಯ ಆಸರೆ ಕೊಟ್ಟಿತು, ಬೇಡಿಕೆ ಇರಲಿ ಬಿಡಲಿ ಕುರಿಗಳು ಹೆಚ್ಚಿದವು. 1982ರಲ್ಲಿ ಕುರಿಗಳ ಸಂಖ್ಯೆ 7 ಕೋಟಿ ಮುಟ್ಟಿತ್ತು. ಜನ ಇದ್ದದ್ದು 32 ಲಕ್ಷದಷ್ಟು. ಅಂದರೆ ಒಬ್ಬ ಮನುಷ್ಯನಿಗೆ ಇಪ್ಪತ್ತೆರಡು ಕುರಿ! ಮಂದೆ ತಿರುಗಿಬಿದ್ದರೆ ಗತಿಯೇನು ಎಂಬ ಯೋಚನೆ ಇಂಥ ಕಡೆ ಬಾರದೆ ಇನ್ನೆಲ್ಲಿ ಬರಬೇಕು? 1984ರಲ್ಲಿ ಬಂದ ಹೊಸ ಸರಕಾರ ಈ ಸಹಾಯಧನಗಳನ್ನು ತೆಗೆದುಹಾಕಿತು. ಆಮೇಲೆ ಕುರಿಗಳ ಸಂಖ್ಯೆ ಇಳಿಯುತ್ತಾ ಬಂದು, ಈಗ ತಲೆಗೆ ಐದರ ಆಸುಪಾಸಿನಲ್ಲಿದೆ.

ಇದೇ ಲೆಕ್ಕದಲ್ಲಿ ನಮಗೆ ಸಂಬಂಧಿಸಿದ ಒಂದು ಸಾಲೂ ಇದೆ. ಬ್ರಿಟನ್ ಕೈಬಿಟ್ಟಾಗ ಹೊಸ ಗಿರಾಕಿಗಳನ್ನು ಹುಡುಕುತ್ತಿದ್ದ ನ್ಯೂಜಿಲೆಂಡ್ ಇರಾನ್ ಮತ್ತು ಅರಬ್ ದೇಶಗಳತ್ತ ನೋಡಿತು. 1979ರ ಕ್ರಾಂತಿಯ ನಂತರ ಇರಾನ್ ಹಲಾಲ್ ಮಾಂಸವೇ ಬೇಕೆಂದಿತು. ಮುಸ್ಲಿಮರು ತೀರ ಕಡಿಮೆಯಿದ್ದ ಆ ದೇಶದ ಕಸಾಯಿಖಾನೆಗಳಿಗೆ ಮುಸ್ಲಿಂ ಕೆಲಸಗಾರರು ಬಂದರು. ಇಂದು ಅಲ್ಲಿ ಕೊಯ್ಯುವ ಕುರಿಗಳಲ್ಲಿ ಹೆಚ್ಚಿನವು ಹಲಾಲ್ ಆಗಿಯೇ ಹೋಗುತ್ತವೆ. ಕೊಯ್ಯುವ ಮೊದಲು ಪ್ರಾಣಿ ಸಾಯದಷ್ಟು ವಿದ್ಯುತ್ ಹಾಯಿಸಿ ಪ್ರಜ್ಞೆ ತಪ್ಪಿಸಬೇಕೆಂಬ ನಿಯಮ ಅಲ್ಲಿದೆ. ಇದರ ಬಗ್ಗೆ ಉಲೇಮಾಗಳಲ್ಲಿ ಒಮ್ಮತವಿಲ್ಲ, ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ಸಿನಿಮಾದ ಕೊನೆಯ ಭಾಗದಲ್ಲಿ ಕುರಿಗಳ ಹೊಟ್ಟೆಯ ಗಾಳಿಗೆ ದೊಡ್ಡ ಪಾತ್ರವಿದೆ. ಇದು ಹಿಂದಿನ ಬೆಂಚಿನವರಿಗಾಗಿ ಹಾಕಿದ ಜೋಕು ಎಂದುಕೊಂಡಿದ್ದೆ. ಹುಡುಕಿದಾಗ ಗೊತ್ತಾಯಿತು, ಇದರ ಹಿಂದೆ ಒಂದು ತೆರಿಗೆಯ ಜಗಳವಿದೆ. ಕುರಿ, ದನಗಳ ಹೊಟ್ಟೆಯ ಮೊದಲ ಕೋಣೆಯಲ್ಲಿ ಹುಲ್ಲನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಭೂಮಿಯ ಬಿಸಿ ಏರಿಸುವಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಬಲಶಾಲಿ. ನ್ಯೂಜಿಲೆಂಡಿನ ಇಂಥ ಅನಿಲಗಳಲ್ಲಿ ಸುಮಾರು ಅರ್ಧದಷ್ಟು ಕೃಷಿಯಿಂದಲೇ ಬರುತ್ತದೆ. 2003ರಲ್ಲಿ ಸರಕಾರ ಇದರ ಸಂಶೋಧನೆಗೆ ಹಣ ಕೂಡಿಸಲು ಜಾನುವಾರುಗಳ ಮೇಲೆ ಸಣ್ಣ ತೆರಿಗೆ ಹಾಕಲು ಹೊರಟಿತು. ಜನ ಅದಕ್ಕೆ 'ಹೂಸಿನ ತೆರಿಗೆ' ಎಂದು ಹೆಸರಿಟ್ಟರು. ರೈತರು ಬೀದಿಗಿಳಿದರು. ಶೇನ್ ಆರ್ಡರ್ನ್ ಎಂಬ ಸಂಸದರು ಟ್ರ್ಯಾಕ್ಟರನ್ನೇ ಪಾರ್ಲಿಮೆಂಟಿನ ಮೆಟ್ಟಿಲು ಹತ್ತಿಸಿದರು! ತೆರಿಗೆ ಬಿದ್ದುಹೋಯಿತು. ಅಂದಹಾಗೆ ಆ ಹೆಸರೇ ಸರಿಯಲ್ಲ. ಕುರಿಯ ಮೀಥೇನಿನಲ್ಲಿ ಬಹುಪಾಲು ಹೊರಬರುವುದು ಹಿಂದಿನಿಂದಲ್ಲ, ಬಾಯಿಂದ, ತೇಗಿನಲ್ಲಿ. 'ತೇಗಿನ ತೆರಿಗೆ' ಎಂದಿದ್ದರೆ ಯಾರೂ ನಗುತ್ತಿರಲಿಲ್ಲವೇನೋ.

ಪ್ರಯೋಗಾಲಯದ ಭಾಗವೂ ಗಾಳಿಯಿಂದ ಬಂದದ್ದಲ್ಲ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಒಂದು ಕುರಿಯ ಕೆಚ್ಚಲಿನ ಜೀವಕೋಶದಿಂದ ಇನ್ನೊಂದು ಕುರಿ 'ಡಾಲಿ' ಹುಟ್ಟಿದ್ದು 1996ರ ಜುಲೈನಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ ಬ್ರಿಟನ್ ಸರಕಾರ ಹುಚ್ಚುಹಸು ರೋಗಕ್ಕೂ ಮನುಷ್ಯರಿಗೆ ಬರುತ್ತಿದ್ದ ಮಾರಕ ಮಿದುಳಿನ ರೋಗಕ್ಕೂ ಸಂಬಂಧವಿರಬಹುದು ಎಂದು ಒಪ್ಪಿಕೊಂಡಿತ್ತು. ಆ ರೋಗ ದನಗಳಲ್ಲಿ ಹಬ್ಬಿದ್ದು ಅವುಗಳ ಮೇವಿಗೆ ಸತ್ತ ಪ್ರಾಣಿಗಳ ಮಾಂಸ-ಮೂಳೆಯ ಪುಡಿ ಬೆರೆಸಿದ್ದರಿಂದ. ಹುಲ್ಲು ತಿನ್ನುವ ಪ್ರಾಣಿಗೆ ಮಾಂಸ ತಿನ್ನಿಸಿದ್ದು ಸಿನಿಮಾದಲ್ಲಲ್ಲ, ನಿಜವಾದ ಫಾರ್ಮುಗಳಲ್ಲಿ, ಮೇವಿನ ಖರ್ಚು ಉಳಿಸಲೆಂದು. ಇದನ್ನು ಓದಿದ ಮೇಲೆ ಆಂಗಸ್‌ನನ್ನು ನೋಡಿ ನಗುವುದು ನನಗೆ ಸ್ವಲ್ಪ ಕಷ್ಟವಾಯಿತು.

ಆಂಗಸ್‌ನ ವಿಷಯ ಬಂದಾಗ ನಮ್ಮ ಲೆಕ್ಕಶಾಸ್ತ್ರದ 'ಪಾಲುದಾರನ ನಿವೃತ್ತಿ' ಅಧ್ಯಾಯ ನೆನಪಿಗೆ ಬಂತು. ಓಲ್ಡ್‌ಫೀಲ್ಡ್ ಫಾರ್ಮ್ ಪಾಲುದಾರಿಕೆ ಸಂಸ್ಥೆ ಎಂದು ಸಿನಿಮಾ ಎಲ್ಲೂ ಹೇಳುವುದಿಲ್ಲ. ಆದರೆ ಒಬ್ಬ ಹೊರಗೆ ಹೋಗುತ್ತಾನೆ, ಇನ್ನೊಬ್ಬ ಅವನ ಪಾಲನ್ನು ಕೊಳ್ಳುತ್ತಾನೆ. ಹೋಗುವ ಮೊದಲು ಆಸ್ತಿ ಮತ್ತು ಹೊಣೆಗಳನ್ನು ಮರುಮೌಲ್ಯಮಾಪನ ಮಾಡಬೇಕು, ಪುಸ್ತಕದಲ್ಲಿ ದಾಖಲಾಗದ ಹೊಣೆಗಳನ್ನು ಹುಡುಕಿ ತರಬೇಕು ಎಂದು ನಾವು ಕಲಿಯುತ್ತೇವೆ. ಹೆನ್ರಿ ಅದೇನನ್ನೂ ಮಾಡದೆ ಚೆಕ್ಕು ತೆಗೆದುಕೊಂಡು ಓಡಲು ನೋಡುತ್ತಾನೆ. ದಾಖಲಾಗದ ಹೊಣೆ ಕೊಟ್ಟಿಗೆಯಲ್ಲಿ ಹಲ್ಲು ಮಸೆಯುತ್ತಿರುತ್ತದೆ. ಇತ್ತ ಆಂಗಸ್ ಸೂಟು ತೊಟ್ಟ ಅತಿಥಿಗಳನ್ನು ಕರೆಸಿ ತನ್ನ ಹೊಸ ತಳಿಯನ್ನು ಪ್ರದರ್ಶನಕ್ಕಿಡುತ್ತಾನೆ. ಅವನು ಕೆಟ್ಟ ವ್ಯಾಪಾರಿ ಅಲ್ಲ. ಮಾತು ಚೆನ್ನಾಗಿದೆ, ಸರಕನ್ನು ಎತ್ತಿ ತೋರಿಸಲು ಬರುತ್ತದೆ. ಆ ಸರಕಿಗೆ ಜೀವವಿದೆ ಎಂಬುದೊಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನನಗೆ ಅತಿ ಹೆಚ್ಚು ಕಾಡಿದ್ದು ಮೊದಲ ಹತ್ತು ನಿಮಿಷ, ಕುರಿಮರಿಯ ಕೊಲೆ. ರಕ್ತದ ದೃಶ್ಯ ಆಮೇಲೆ ಬೇಕಾದಷ್ಟಿದೆ, ಯಾವುದೂ ಅಷ್ಟು ನಾಟುವುದಿಲ್ಲ. ಕುರ್ಬಾನಿಯ ಕುರಿಯನ್ನು ಹತ್ತು ಹದಿನೈದು ದಿನ ಮುಂಚೆಯೇ ಮನೆಗೆ ತಂದ ಕುಟುಂಬಗಳ ಮಕ್ಕಳಿಗೆ ಇದು ಗೊತ್ತು. ಮೊದಲ ದಿನ ಅದು ಕಟ್ಟಿದ ಹಗ್ಗವನ್ನು ಎಳೆದಾಡುತ್ತದೆ. ಮೂರನೆಯ ದಿನಕ್ಕೆ ಯಾರೋ ಹೆಸರಿಡುತ್ತಾರೆ. ಸೊಪ್ಪು ತರುವುದಕ್ಕೆ ಪೈಪೋಟಿ ಶುರುವಾಗುತ್ತದೆ. ಹಬ್ಬದ ದಿನ ಚಿಕ್ಕವರು ಒಳಗೆ ಹೋಗಿ ಅಳುತ್ತಾರೆ, ಕೆಲವರು ಆ ದಿನ ಊಟವನ್ನೂ ಮಾಡುವುದಿಲ್ಲ. ದೊಡ್ಡವರು ಅದಕ್ಕೆ ಗದರುವುದಿಲ್ಲ. ಪ್ರೀತಿಯದನ್ನು ಕೊಡುವುದೇ ಕುರ್ಬಾನಿ ಎಂದು ನಾದಿಮಾ ಹೇಳುವುದನ್ನು ಕೇಳಿದ್ದೇವೆ. ಅಂದಮೇಲೆ ಅಳು ಬಂದರೆ ಅದು ತಪ್ಪು ಹೇಗಾಗುತ್ತದೆ?

ಹಾಗಾದರೆ ಆಂಗಸ್ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದು ಯಾರಾದರೂ ಕೇಳಬಹುದು. ಬೇರೆ ಧರ್ಮದ ಗೆಳತಿಯೊಬ್ಬಳು ನನ್ನನ್ನು ಕೇಳಿಯೂ ಇದ್ದಾಳೆ, ಜಗಳಕ್ಕಲ್ಲ, ತಿಳಿಯಬೇಕೆಂದೇ. ಎರಡೂ ಕಡೆ ಪ್ರಾಣಿ ಸಾಯುತ್ತದೆ, ಅದನ್ನು ಮುಚ್ಚಿಡಲಾಗದು. ಆದರೆ ಹದೀಸುಗಳಲ್ಲಿ ಕೊಯ್ಯುವವನಿಗೆ ಹೇಳಿರುವ ಮಾತುಗಳನ್ನು ನೋಡಿ: ಚೂರಿ ಹರಿತವಾಗಿರಬೇಕು, ಅದನ್ನು ಪ್ರಾಣಿಯ ಕಣ್ಣೆದುರು ಮಸೆಯಬಾರದು, ಅದಕ್ಕೆ ಆದಷ್ಟು ಆರಾಮ ಕೊಡಬೇಕು. ಒಂದು ಪ್ರಾಣಿಯ ಎದುರಿಗೆ ಇನ್ನೊಂದನ್ನು ಕೊಯ್ಯಬಾರದೆಂದೂ ಹಿರಿಯರು ಹೇಳುತ್ತಾರೆ. ಇವೆಲ್ಲವೂ ಪ್ರಾಣಿಗೂ ಭಯವಿದೆ ಎಂದು ಒಪ್ಪಿಕೊಂಡು ಹೇಳಿದ ಮಾತುಗಳು. ಆಂಗಸ್ ಮರಿಯನ್ನು ಕೊಂದದ್ದು ತಿನ್ನಲೂ ಅಲ್ಲ, ಯಾರಿಗಾದರೂ ಕೊಡಲೂ ಅಲ್ಲ. ತಮ್ಮನಿಗೆ ಭಯ ಹುಟ್ಟಿಸಲು. ಮುಂದೆ ಅವನ ಪ್ರಯೋಗಾಲಯ ನೋಡಿದಾಗ ಆಶ್ಚರ್ಯವಾಗುವುದಿಲ್ಲ. ಆ ಮಾತುಗಳನ್ನು ನಾವು ಎಷ್ಟರಮಟ್ಟಿಗೆ ಪಾಲಿಸುತ್ತೇವೆ ಎಂಬುದು ಬೇರೆ ವಿಷಯ. ಹಬ್ಬದ ಹಿಂದಿನ ವಾರ ಒಂದು ಸಣ್ಣ ಗೂಡ್ಸ್ ಗಾಡಿಯಲ್ಲಿ ಎಷ್ಟು ಕುರಿ ತುಂಬಿಸುತ್ತಾರೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆನ್ರಿಯ ಭಯವನ್ನು ಸಿನಿಮಾ ಗೇಲಿ ಮಾಡುತ್ತದೆ, ಆದರೆ ಅವನನ್ನು ಕೈಬಿಡುವುದಿಲ್ಲ. ಎಲ್ಲರೂ 'ಕುರಿಗೆ ಹೆದರುವ ಕುರಿ ಫಾರ್ಮಿನ ಹುಡುಗ' ಎಂದು ನಗುತ್ತಿರುವಾಗ, ನಿಜವಾದ ಅಪಾಯ ಬಂದ ದಿನ ಮೊದಲು ನಂಬುವವನು ಅವನೇ. ಕತ್ತಲೆಗೆ, ನಾಯಿಗೆ, ಲಿಫ್ಟಿಗೆ ಹೆದರಿ ಗೆಳೆಯರಿಂದ ನಗಿಸಿಕೊಂಡವರಿಗೆ ಈ ಪಾತ್ರ ಇಷ್ಟವಾಗುತ್ತದೆ.

ದೋಷಗಳೂ ಇವೆ. ಪರಿಸರ ಹೋರಾಟಗಾರರನ್ನು ತೀರ ಅಗ್ಗವಾಗಿ ಹಾಸ್ಯ ಮಾಡಿದ್ದಾರೆ. ಪ್ರಯೋಗಾಲಯದ ವಿಷಯದಲ್ಲಿ ಅವರು ಹೇಳಿದ್ದೇ ನಿಜವಾಗುತ್ತದೆ, ಆದರೂ ನಗಿಸಿಕೊಳ್ಳುವವರು ಅವರೇ. ನಡುವೆ ಕೆಲವು ಕೊಳಕು ಜೋಕುಗಳಿವೆ, ಅವನ್ನು ನಾನು ಓಡಿಸಿ ಮುಂದೆ ಹೋದೆ. ಕೊನೆಯ ಇಪ್ಪತ್ತು ನಿಮಿಷ ಗದ್ದಲ ಜಾಸ್ತಿ, ಹೊಸ ಯೋಚನೆ ಕಡಿಮೆ.

ನೋಡುವವರಿಗೆ ಎರಡು ಮಾತು. ನ್ಯೂಜಿಲೆಂಡಿನವರ ಇಂಗ್ಲಿಷಿನಲ್ಲಿ 'ಪೆನ್' ಎಂಬುದು 'ಪಿನ್' ಎಂದು ಕೇಳಿಸುತ್ತದೆ, ಆದ್ದರಿಂದ ಸಬ್‌ಟೈಟಲ್ ಹಾಕಿಕೊಳ್ಳಿ. ತಮ್ಮ ತಂಗಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ರಾತ್ರಿ ಖೀಮಾ ಮಾಡಿದ ದಿನವಂತೂ ಬೇಡವೇ ಬೇಡ.